ಐದು ದಿನದ ಚಾರಣಕ್ಕೆ ಹದಿನಾಲ್ಕರ ಮಗಳನ್ನು ಕಳಿಸಬಹುದೇ?

ಪ್ರಶ್ನೆ: ನನ್ನ ಮಗಳಿಗೆ 14 ವರ್ಷ. ಅವಳ ಶಾಲೆಯವರು ಐದು ಹಗಲು, ನಾಲ್ಕು ರಾತ್ರಿಯ ಬೆಟ್ಟದ ಚಾರಣ ಇಟ್ಟುಕೊಂಡಿದ್ದಾರೆ. 24 ಮಕ್ಕಳು, ಇಬ್ಬರು ಶಿಕ್ಷಕರು, ಮೂವರು ತರಬೇತುದಾರರು. ಮಲಗುವುದು ಟೆಂಟಿನಲ್ಲಿ, ಅಡುಗೆ ಮಕ್ಕಳದೇ. ಅತಿ ಎತ್ತರದ ಶಿಬಿರ 1900 ಮೀಟರ್‌ನಲ್ಲಿದೆಯಂತೆ. ಮೂರನೇ ದಿನ 14 ಕಿಲೋಮೀಟರ್ ನಡಿಗೆ, 900 ಮೀಟರ್ ಏರು. ನಾಲ್ಕನೇ ದಿನ ಆರಾರು ಮಕ್ಕಳ ತಂಡ ಮಾಡಿ, ದೊಡ್ಡವರ ಜೊತೆಯಿಲ್ಲದೆ ನಡೆಸುತ್ತಾರಂತೆ. ಫೋನ್ ಒಯ್ಯುವಂತಿಲ್ಲ. ಬ್ಯಾಗ್ 11 ಕಿಲೋ ಆಗಬಹುದು ಎಂದಿದ್ದಾರೆ, ಇವಳ ತೂಕವೇ 42 ಕಿಲೋ. ಚಿಕ್ಕಂದಿನಿಂದ ಸ್ವಲ್ಪ ಅಸ್ತಮಾ ಇದೆ, ವರ್ಷಕ್ಕೆ ಎರಡು ಮೂರು ಸಲ ಇನ್ಹೇಲರ್ ಬೇಕಾಗುತ್ತದೆ. ಮುಟ್ಟು ಕೂಡ ಅದೇ ವಾರ ಬರುವ ಹಾಗಿದೆ. ನೆಲದ ಮೇಲೆ ಮಲಗಿದರೆ ಶೀತ ಹಿಡಿಯುತ್ತದೆ, ಹಾವು ಹುಳ ಬರುತ್ತವೆ, ಭಾರ ಹೊತ್ತರೆ ಎತ್ತರ ಬೆಳೆಯುವುದಿಲ್ಲ ಎಂದು ನಮ್ಮ ಅತ್ತೆ ಹೆದರಿಸುತ್ತಿದ್ದಾರೆ. ನನ್ನ ಗಂಡ ‘ಹೋಗಲಿ ಬಿಡು, ಗಟ್ಟಿಯಾಗಿ ಬರ್ತಾಳೆ’ ಅನ್ನುತ್ತಾರೆ. ಮಗಳಿಗಂತೂ ಹೋಗಲೇಬೇಕು. ಅವಳದು ತುಂಬ ಸಂಕೋಚದ ಸ್ವಭಾವ, ಏನಾದರೂ ಆದರೆ ಬಾಯಿಬಿಟ್ಟು ಹೇಳುವವಳಲ್ಲ. ಏನು ಮಾಡಲಿ?

ಉತ್ತರ: ನಿಮ್ಮ ಪತ್ರ ಓದುತ್ತ ಹಾವು, ಶೀತ, ಬ್ಯಾಗಿನ ಭಾರ ಎಲ್ಲವನ್ನೂ ದಾಟಿ ನನ್ನ ಕಣ್ಣು ನಿಂತದ್ದು ಆ ಕೊನೆಯ ಮಾತಿನ ಮೇಲೆ: ‘ಬಾಯಿಬಿಟ್ಟು ಹೇಳುವವಳಲ್ಲ.’ ಇಪ್ಪತ್ತು ವರ್ಷಕ್ಕಿಂತ ಹೆಚ್ಚು ಕಾಲದಿಂದ ಶಾಲಾ ಮಕ್ಕಳನ್ನು ಬೆಟ್ಟ ಹತ್ತಿಸಿ ಇಳಿಸುತ್ತ ಬಂದಿದ್ದೇನೆ. ನನ್ನ ಚಾರಣಗಳಲ್ಲಿ ಕೆಟ್ಟುಹೋದ ದಿನಗಳನ್ನು ಒಂದೊಂದಾಗಿ ನೆನೆದರೆ, ಹೆಚ್ಚಿನವು ಶುರುವಾದದ್ದು ಯಾವುದೋ ಮಗು ಹೇಳದೆ ನುಂಗಿಕೊಂಡ ಸಣ್ಣ ವಿಷಯದಿಂದ.

ಒಂದು ಉದಾಹರಣೆ ಕೊಡುತ್ತೇನೆ. ಎರಡನೇ ದಿನದ ಸಂಜೆ ಎಲ್ಲರೂ ಶೂ ಬಿಚ್ಚಿ ಕಾಲು ಚಾಚಿದ್ದರು. ಒಬ್ಬ ಹುಡುಗಿ ಮಾತ್ರ ಶೂ ಹಾಕಿಕೊಂಡೇ ಕೂತಿದ್ದಳು. ಎರಡು ಸಲ ಕೇಳಿದ ಮೇಲೆ ಬಿಚ್ಚಿದಳು. ಸಾಕ್ಸ್ ಹಿಮ್ಮಡಿಗೆ ಅಂಟಿಹೋಗಿತ್ತು, ಬೆಚ್ಚಗಿನ ನೀರು ಹಾಕಿ ನೆನೆಸಿ ನೆನೆಸಿ ಬಿಡಿಸಬೇಕಾಯಿತು. ಬೊಕ್ಕೆ ಎದ್ದು, ಒಡೆದು, ಕೆಳಗಿನ ಹಸಿ ಚರ್ಮವೂ ಕಿತ್ತು ಬಂದಿತ್ತು. ಚುರುಚುರು ಅನ್ನಲು ಶುರುವಾದದ್ದು ಮೊದಲ ದಿನ ಬೆಳಿಗ್ಗೆ ಹನ್ನೊಂದಕ್ಕಂತೆ. ಆಗಲೇ ಹೇಳಿದ್ದರೆ ಒಂದು ತುಂಡು ಟೇಪ್, ಎರಡು ನಿಮಿಷದ ಕೆಲಸ. ‘ಎಲ್ಲರೂ ನನಗೋಸ್ಕರ ನಿಲ್ಲಬೇಕಾಗುತ್ತಲ್ಲ ಅಂತ ಸುಮ್ಮನಿದ್ದೆ ಸರ್’ ಅಂದಳು. ನೋವಿನ ಕಾಲು ಉಳಿಸಲು ಇನ್ನೊಂದು ಕಾಲಿನ ಮೇಲೆ ಭಾರ ಹಾಕಿ ಹಾಕಿ, ಮೂರನೇ ದಿನ ಇಳಿಜಾರಿನಲ್ಲಿ ಆ ಮಂಡಿಯೂ ಉಳುಕಿತು. ಅವಳ ಬ್ಯಾಗನ್ನು ನಾಲ್ಕು ಜನ ಹಂಚಿಕೊಂಡರು, ನಾವು ಶಿಖರ ಬಿಟ್ಟು ವಾಪಸು ಬಂದೆವು.

ಅತ್ತೆಯವರ ಭಯಗಳನ್ನು ಮೊದಲು ಮುಗಿಸೋಣ. ಅವುಗಳಲ್ಲಿ ಒಂದು ಅರ್ಧ ನಿಜ.

ನೆಗಡಿ ಬರುವುದು ವೈರಸ್‌ನಿಂದ, ನೆಲದಿಂದ ಅಲ್ಲ. ಟೆಂಟಿನಲ್ಲಿ ನೆಗಡಿ ಹರಡಿದರೆ ಅದು ಪಕ್ಕದಲ್ಲಿ ಮಲಗಿದವರ ಕೊಡುಗೆ. ಆದರೆ ನೆಲ ಮೈಯ ಶಾಖವನ್ನು ರಾತ್ರಿಯಿಡೀ ಎಳೆದುಕೊಳ್ಳುತ್ತದೆ ಎಂಬುದು ಸತ್ಯ. ಸ್ಲೀಪಿಂಗ್ ಬ್ಯಾಗ್ ಎಷ್ಟೇ ದಪ್ಪವಿರಲಿ, ಮೈಯ ಭಾರಕ್ಕೆ ಅದರ ಕೆಳಭಾಗ ಚಪ್ಪಟೆಯಾಗುತ್ತದೆ, ಒಳಗಿನ ಗಾಳಿ ಹೊರಟುಹೋಗುತ್ತದೆ. ಶಾಖ ತಡೆಯುವುದು ಆ ಗಾಳಿಯೇ. ಹಾಗಾಗಿ ಕೆಳಗೆ ಹಾಸುವ ಫೋಮ್ ಮ್ಯಾಟ್ ಸ್ಲೀಪಿಂಗ್ ಬ್ಯಾಗಿನಷ್ಟೇ ಮುಖ್ಯ. ಶಾಲೆಯ ಪಟ್ಟಿಯಲ್ಲಿ ಮ್ಯಾಟ್ ಇದೆಯೇ ನೋಡಿ. ಇಲ್ಲದಿದ್ದರೆ ಕೇಳಿ, ಅದು ಅತ್ತೆಯವರ ಗೆಲುವು ಅಂತಲೇ ಇಟ್ಟುಕೊಳ್ಳಿ.

ಹಾವು ಮನುಷ್ಯನನ್ನು ಹುಡುಕಿಕೊಂಡು ಬರುವುದಿಲ್ಲ. ಟೆಂಟಿನ ಜಿಪ್ ಸದಾ ಮುಚ್ಚಿರುವುದು, ಬೆಳಿಗ್ಗೆ ಶೂ ಕೊಡವಿ ಹಾಕಿಕೊಳ್ಳುವುದು, ರಾತ್ರಿ ಟಾರ್ಚ್ ಇಲ್ಲದೆ ಹೊರಗೆ ಕಾಲಿಡದಿರುವುದು, ಕಾಣದ ಕಡೆ ಕೈ ಹಾಕದಿರುವುದು, ಈ ನಾಲ್ಕು ಅಭ್ಯಾಸವಿದ್ದರೆ ಅಪಾಯ ಬಹಳ ಮಟ್ಟಿಗೆ ಕಳೆಯಿತು. ಅಕಸ್ಮಾತ್ ಕಚ್ಚಿದರೆ ಕಟ್ಟು ಬಿಗಿಯುವುದು, ಕೊಯ್ಯುವುದು, ಬಾಯಿಂದ ಹೀರುವುದು ಯಾವುದೂ ಬೇಡ. ಕಚ್ಚಿದ ಕೈಯನ್ನೋ ಕಾಲನ್ನೋ ಅಲುಗಾಡಿಸದೆ ಆದಷ್ಟು ಬೇಗ ಆಸ್ಪತ್ರೆಗೆ ಹೊತ್ತೊಯ್ಯಬೇಕು. ಇದು ತರಬೇತುದಾರರಿಗೆ ಗೊತ್ತಿರಬೇಕಾದ ವಿಷಯ. ಮಗಳ ತಲೆಯಲ್ಲಿ ಇದನ್ನೆಲ್ಲ ತುಂಬಿಸಿ ಅವಳ ರಾತ್ರಿ ನಿದ್ದೆ ಕೆಡಿಸಬೇಡಿ.

ಐದು ದಿನ ಭಾರ ಹೊತ್ತ ಮಾತ್ರಕ್ಕೆ ಎತ್ತರ ಕುಂಠಿತವಾಗುವುದಿಲ್ಲ. ಆದರೆ 11 ಕಿಲೋ ಅವಳಿಗೆ ಹೆಚ್ಚೇ. ಚಾರಣದ ಬ್ಯಾಗ್ ದೇಹದ ತೂಕದ ಐದನೇ ಒಂದರಿಂದ ನಾಲ್ಕನೇ ಒಂದು ಭಾಗದೊಳಗಿರಲಿ ಎಂಬುದು ನಾವು ಪಾಲಿಸುವ ಲೆಕ್ಕ. 42 ಕಿಲೋಗೆ ಅದು ಎಂಟೂವರೆಯಿಂದ ಹತ್ತೂವರೆ ಕಿಲೋ ಆಗುತ್ತದೆ. ನಾನು ಒಂಬತ್ತಕ್ಕೆ ನಿಲ್ಲಿಸುತ್ತೇನೆ, ಏಕೆಂದರೆ ನೀರು ತುಂಬಿಸಿದ ಕೂಡಲೇ ಒಂದೂವರೆ ಎರಡು ಕಿಲೋ ಏರಿಬಿಡುತ್ತದೆ. ಟೆಂಟ್, ಪಾತ್ರೆ, ದಿನಸಿಯಂಥ ಎಲ್ಲರಿಗೂ ಸೇರಿದ ಸಾಮಾನನ್ನು ಸಮನಾಗಿ ಹಂಚುವುದು ನ್ಯಾಯ ಅನ್ನಿಸುತ್ತದೆ. ಆದರೆ 60 ಕಿಲೋ ಹುಡುಗನಿಗೂ 42 ಕಿಲೋ ಹುಡುಗಿಗೂ ಒಂದೇ ಭಾರ ಕೊಟ್ಟರೆ ಅದು ನ್ಯಾಯವಾಗುವುದಿಲ್ಲ. ‘ಸಾಮಾನು ಹಂಚುವಾಗ ಮಕ್ಕಳ ತೂಕ ನೋಡುತ್ತೀರಾ?’ ಎಂದು ಶಾಲೆಯವರನ್ನು ಕೇಳಿ. ಇನ್ನೊಂದು ವಿಷಯ ಸೊಂಟದ ಪಟ್ಟಿ. ಅದು ಸೊಂಟದ ಮೂಳೆಯ ಮೇಲೆ ಬಿಗಿಯಾಗಿ ಕೂತರೆ ಭಾರದ ಹೆಚ್ಚಿನ ಪಾಲು ಕಾಲಿಗೆ ಇಳಿಯುತ್ತದೆ. ಹೊಟ್ಟೆಯ ಮೇಲೆ ಸಡಿಲವಾಗಿ ತೂಗುತ್ತಿದ್ದರೆ ಪೂರ್ತಿ ಭಾರ ಹೆಗಲಿಗೆ. ಮಕ್ಕಳ ಬ್ಯಾಗನ್ನು ಚಾಪೆ ಮೇಲೆ ಸುರಿಸಿ ನೋಡುವುದು ನನ್ನ ಹಳೇ ಪದ್ಧತಿ. ಒಬ್ಬಳ ಬ್ಯಾಗಿನಿಂದ ಪೂರ್ತಿ ತುಂಬಿದ ಶಾಂಪೂ ಬಾಟಲಿ ಮೂರು, ಕೂದಲು ಒಣಗಿಸುವ ಯಂತ್ರ ಒಂದು ಬಂದಿದ್ದವು. ‘ಪ್ಲಗ್ ಎಲ್ಲಿ ಹಾಕ್ತೀಯಮ್ಮ?’ ಅಂದರೆ ಅವಳಿಗೇ ನಗು ತಡೆಯಲಾಗಲಿಲ್ಲ.

ಇನ್ನು ನಿಮ್ಮ ಪತ್ರದಲ್ಲಿ ಎಲ್ಲೂ ಬಾರದ ಅಪಾಯದ ಮಾತು. ಬೆಟ್ಟದಲ್ಲಿ ಮಕ್ಕಳನ್ನು ಕಾಡುವುದು ದಣಿವು, ಒದ್ದೆ ಬಟ್ಟೆ, ಗಾಳಿ ಈ ಮೂರರ ಕೂಟ. ಎತ್ತರ ಏರಿದಂತೆ ಪ್ರತಿ 1000 ಮೀಟರ್‌ಗೆ ಸರಾಸರಿ 6.5 ಡಿಗ್ರಿ ಸೆಲ್ಸಿಯಸ್ ತಾಪಮಾನ ಇಳಿಯುತ್ತದೆ. ಕೆಳಗೆ 22 ಡಿಗ್ರಿ ಹಿತವಾಗಿದ್ದರೆ 1500 ಮೀಟರ್ ಮೇಲಕ್ಕೆ ಹೋದಾಗ ಸುಮಾರು 12. ಹಿಮವೇನೂ ಇಲ್ಲ, ಕೊರೆಯುವ ಚಳಿಯೂ ಇಲ್ಲ. ಆದರೆ ಅದೇ 12 ಡಿಗ್ರಿಯಲ್ಲಿ ಜಿಟಿಜಿಟಿ ಮಳೆ, ಗಾಳಿ, ಬೆವರಿಗೆ ನೆನೆದ ಹತ್ತಿ ಬನಿಯನ್, ಮಧ್ಯಾಹ್ನ ಸರಿಯಾಗಿ ತಿನ್ನದ ಹೊಟ್ಟೆ ಸೇರಿದರೆ ದೇಹದ ಒಳತಾಪಮಾನ 35 ಡಿಗ್ರಿಗಿಂತ ಕೆಳಕ್ಕೆ ಜಾರಬಹುದು. ಹೈಪೋಥರ್ಮಿಯಾ ಅನ್ನುವುದು ಇದಕ್ಕೇ.

ನಾನು ಅದನ್ನು ಹತ್ತಿರದಿಂದ ಕಂಡದ್ದು ಒಬ್ಬ ವಾಚಾಳಿ ಹುಡುಗನಲ್ಲಿ. ಬೆಳಿಗ್ಗೆಯಿಂದ ಅವನ ಬಾಯಿಗೆ ಬಿಡುವಿರಲಿಲ್ಲ. ಮೂರು ಗಂಟೆ ಹೊತ್ತಿಗೆ ಸುಮ್ಮನಾದ. ಸಾಲಿನಲ್ಲಿ ಹಿಂದೆ ಬಿದ್ದ. ಸಮತಟ್ಟು ದಾರಿಯಲ್ಲೂ ಎಡವಿದ. ನಿಲ್ಲಿಸಿ ‘ಜಾಕೆಟ್ ಜಿಪ್ ಹಾಕಿಕೊ’ ಅಂದೆ. ಬೆರಳು ಜಿಪ್ಪಿನ ತುದಿ ಹುಡುಕಿತು, ಹಿಡಿಯಿತು, ಜಾರಿತು, ಮತ್ತೆ ಹುಡುಕಿತು. ‘ಪರವಾಗಿಲ್ಲ ಸರ್’ ಅಂದದ್ದು ನಾಲಿಗೆ ದಪ್ಪವಾದವರು ಮಾತಾಡಿದ ಹಾಗಿತ್ತು. ಅಲ್ಲೇ ಬಂಡೆಯ ಮರೆಯಲ್ಲಿ ಟಾರ್ಪಾಲಿನ್ ಎಳೆದೆವು. ಒದ್ದೆ ಬಟ್ಟೆ ತೆಗೆಸಿ ಒಣ ಬಟ್ಟೆ ಹಾಕಿಸಿ, ಮ್ಯಾಟ್ ಮೇಲೆ ಸ್ಲೀಪಿಂಗ್ ಬ್ಯಾಗಿನೊಳಗೆ ಸೇರಿಸಿ, ಸಕ್ಕರೆ ಬೆರೆಸಿದ ಬಿಸಿ ಪಾನೀಯ ಗುಟುಕು ಗುಟುಕಾಗಿ ಕುಡಿಸಿದೆವು. ನಲವತ್ತು ನಿಮಿಷಕ್ಕೆ ಅವನ ಹರಟೆ ವಾಪಸು ಬಂತು. ಆಗ ಗಮನಿಸದೆ ಇನ್ನೊಂದು ಗಂಟೆ ನಡೆಸಿದ್ದರೆ ಕತೆ ಬೇರೆಯಾಗುತ್ತಿತ್ತು. ಹೈಪೋಥರ್ಮಿಯಾ ಮೊದಲು ಮಂಕು ಮಾಡುವುದು ಯೋಚನೆಯನ್ನೇ. ಹಾಗಾಗಿ ಆ ಮಗುವಿಗೆ ತನಗೆ ಏನೋ ಆಗುತ್ತಿದೆ ಎಂದೇ ತಿಳಿಯುವುದಿಲ್ಲ. ವಾಚಾಳಿ ಸುಮ್ಮನಾದರೆ ನಮಗೆ ಗೊತ್ತಾಗುತ್ತದೆ. ಮೊದಲೇ ಸುಮ್ಮನಿರುವ ನಿಮ್ಮ ಮಗಳಂಥವರ ವಿಷಯದಲ್ಲಿ ಆ ಸುಳಿವು ಸಿಗುವುದಿಲ್ಲ. ಅದಕ್ಕೇ ನಿಮ್ಮ ಪತ್ರದ ಆ ಕೊನೆಯ ಮಾತಿನ ಮೇಲೆ ನನ್ನ ಕಣ್ಣು ನಿಂತದ್ದು.

ಇದಕ್ಕೆ ದಾರಿಯಿದೆ. ಒಳ್ಳೆಯ ತಂಡಗಳಲ್ಲಿ ಮಕ್ಕಳನ್ನು ಜೋಡಿ ಮಾಡುತ್ತಾರೆ. ಪ್ರತಿ ವಿರಾಮದಲ್ಲೂ ಜೊತೆಗಾರರು ಪರಸ್ಪರ ನೋಡಿ ಹೇಳಬೇಕು: ತಿಂದಳಾ, ಕುಡಿದಳಾ, ಕಾಲು ಹೇಗಿದೆ, ಮೂತ್ರಕ್ಕೆ ಹೋಗಿ ಎಷ್ಟು ಹೊತ್ತಾಯಿತು. ಸಂಜೆ ತರಬೇತುದಾರರು ಸಾಲಾಗಿ ಕೂರಿಸಿ ಎಲ್ಲರ ಪಾದ ನೋಡುತ್ತಾರೆ. ಎಲ್ಲರದೂ ನೋಡುವುದರಿಂದ ಯಾರೂ ‘ನನ್ನದು ನೋಡಿ’ ಎಂದು ಕೇಳಿಕೊಳ್ಳಬೇಕಾಗಿಲ್ಲ. ನಿಮ್ಮ ಶಾಲೆಯಲ್ಲಿ ಈ ಪದ್ಧತಿ ಇದೆಯೇ ಎಂದು ತಿಳಿಯಿರಿ. ಐದು ಜನ ದೊಡ್ಡವರಿಗೆ 24 ಮಕ್ಕಳು ಎಂಬ ಅನುಪಾತ ಚೆನ್ನಾಗಿಯೇ ಇದೆ, ಆದರೆ ನೋಡುವ ಪದ್ಧತಿ ಇಲ್ಲದಿದ್ದರೆ ಹತ್ತು ಜನರಿದ್ದೂ ಪ್ರಯೋಜನವಿಲ್ಲ.

ಎರಡನೆಯದು ‘ವಾಪಸು ಹೋಗೋಣ’ ಎನ್ನುವ ಅಧಿಕಾರ. 1971ರ ನವೆಂಬರ್‌ನಲ್ಲಿ ಸ್ಕಾಟ್ಲೆಂಡಿನ ಕೇರ್ನ್‌ಗಾರ್ಮ್ ಪ್ರಸ್ಥಭೂಮಿಯಲ್ಲಿ ಶಾಲಾ ಮಕ್ಕಳ ಗುಂಪೊಂದು ಹಿಮಬಿರುಗಾಳಿಗೆ ಸಿಕ್ಕಿತು. ಸಂಜೆಯೊಳಗೆ ತಲುಪಬೇಕೆಂದುಕೊಂಡಿದ್ದ ಪುಟ್ಟ ಆಸರೆಯ ಗುಡಿಸಲು ಸಿಗಲೇ ಇಲ್ಲ. ಬಯಲಲ್ಲೇ ಎರಡು ರಾತ್ರಿ ಕಳೆಯಬೇಕಾಯಿತು. ಐವರು ವಿದ್ಯಾರ್ಥಿಗಳು, ತರಬೇತಿಯಲ್ಲಿದ್ದ ಒಬ್ಬ ಕಿರಿಯ ನಾಯಕಿ ತೀರಿಕೊಂಡರು. ಆಮೇಲೆ ನಾಯಕರ ತರಬೇತಿಯ ನಿಯಮಗಳು ಅಲ್ಲಿ ಬಿಗಿಯಾದವು. ನನಗೆ ಇನ್ನೂ ದೊಡ್ಡದಾಗಿ ಕಾಣುವುದು ಬೇರೊಂದು ಬದಲಾವಣೆ: ಆ ಎತ್ತರದ ಆಸರೆಗಳನ್ನೇ ಕೊನೆಗೆ ಅಲ್ಲಿಂದ ತೆಗೆದುಹಾಕಿದರು. ‘ಅಲ್ಲಿಗೆ ತಲುಪಿದರೆ ಸಾಕು’ ಎಂಬ ಆಸೆ ಜನರನ್ನು ಕೆಟ್ಟ ಹವೆಯಲ್ಲೂ ಮುಂದಕ್ಕೆ ಎಳೆಯುತ್ತದೆ ಎಂಬ ವಾದ ಗೆದ್ದಿತು. ಚಾರಣದಲ್ಲಿ ಶಿಖರ, ಕಾಯ್ದಿರಿಸಿದ ಬಸ್ಸು, ಸಮಾರೋಪಕ್ಕೆ ಬರುವ ಅತಿಥಿಗಳು, ಎಲ್ಲವೂ ಇಂಥದೇ ಎಳೆತ. ಆದ್ದರಿಂದ ಶಾಲೆಯವರನ್ನು ಹೀಗೆ ಕೇಳಿ: ‘ಮೂರನೇ ದಿನ ಮಳೆ ಬಂದರೆ ಏನು ಮಾಡುತ್ತೀರಿ? ಅರ್ಧದಲ್ಲಿ ಇಳಿಯುವ ದಾರಿ ಎಲ್ಲಿದೆ? ತೀರ್ಮಾನ ಯಾರದು?’ ತಡವರಿಸದೆ ಉತ್ತರ ಬಂದರೆ ಅವರು ಯೋಚಿಸಿದ್ದಾರೆ ಎಂದರ್ಥ. ‘ಏನೂ ಆಗಲ್ಲ ಮೇಡಂ, ವರ್ಷವರ್ಷ ಮಾಡ್ತೀವಿ’ ಎಂಬ ಉತ್ತರ ಬಂದರೆ ನನಗೆ ಚಿಂತೆ.

ಮೂರನೇ ದಿನದ ಲೆಕ್ಕವನ್ನು ನೀವೇ ಮಾಡಿ ನೋಡಬಹುದು. ಸ್ಕಾಟ್ಲೆಂಡಿನ ಪರ್ವತಾರೋಹಿ ವಿಲಿಯಂ ನೈಸ್ಮಿತ್ 1892ರಲ್ಲಿ ಕೊಟ್ಟ ಸೂತ್ರ ಈಗಲೂ ಚಾಲ್ತಿಯಲ್ಲಿದೆ: 5 ಕಿಲೋಮೀಟರ್‌ಗೆ ಒಂದು ಗಂಟೆ, ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. 14 ಕಿಲೋಮೀಟರ್, 900 ಮೀಟರ್ ಏರು ಅಂದರೆ ನಾಲ್ಕೂಕಾಲು ಗಂಟೆಯ ಮೇಲೆ ಸ್ವಲ್ಪ. ಅದು ಗಟ್ಟಿ ಕಾಲಿನ ದೊಡ್ಡವರು ನಿಲ್ಲದೆ ನಡೆದರೆ. ಬ್ಯಾಗ್ ಹೊತ್ತ ಮಕ್ಕಳಿಗೆ ನಾನು ಅದರ ಒಂದೂವರೆ ಪಟ್ಟು ಹಿಡಿಯುತ್ತೇನೆ, ಮೇಲೆ ಊಟ ವಿರಾಮಕ್ಕೆ ಒಂದೂವರೆ ಗಂಟೆ. ಒಟ್ಟು ಎಂಟು ಗಂಟೆ. ಬೆಳಿಗ್ಗೆ ಏಳೂವರೆಗೆ ಹೊರಟರೆ ಮೂರೂವರೆಗೆ ಶಿಬಿರ, ಬೆಳಕಿನಲ್ಲೇ ಟೆಂಟ್ ಹಾಕಬಹುದು. ಹತ್ತಕ್ಕೆ ಹೊರಡುವ ಯೋಜನೆಯಿದ್ದರೆ ಅದನ್ನು ಬರೆದವರು ಮಕ್ಕಳ ಜೊತೆ ನಡೆದಿಲ್ಲ. ಇಷ್ಟು ಎತ್ತರದಲ್ಲಿ ಗಾಳಿ ತೆಳುವಾಗಿ ಬರುವ ಪರ್ವತ ಕಾಯಿಲೆಯ ಚಿಂತೆ ನಿಮಗೆ ಬೇಡ. ಅದು ಸಾಮಾನ್ಯವಾಗಿ ಕಾಣಿಸಿಕೊಳ್ಳುವುದು 2500 ಮೀಟರ್ ದಾಟಿದ ಮೇಲೆ.

ನಾಲ್ಕನೇ ದಿನದ ಬಗ್ಗೆ ನಿಮಗೆ ಆಶ್ಚರ್ಯವಾಗಬಹುದು, ನನಗೆ ಅದು ಇಡೀ ಚಾರಣದ ಅತ್ಯುತ್ತಮ ದಿನ. ಬ್ರಿಟನ್‌ನಲ್ಲಿ 1956ರಲ್ಲಿ ಶುರುವಾದ ಡ್ಯೂಕ್ ಆಫ್ ಎಡಿನ್‌ಬರೋ ಪ್ರಶಸ್ತಿ ಯೋಜನೆಯಲ್ಲಿ ಹದಿಹರೆಯದವರು ನಾಲ್ಕರಿಂದ ಏಳು ಜನರ ತಂಡವಾಗಿ ತಾವೇ ದಾರಿ ನೋಡಿಕೊಂಡು ನಡೆಯುತ್ತಾರೆ. ಮೇಲ್ವಿಚಾರಕರು ದೂರದಿಂದ ನಿಗಾ ಇಡುತ್ತಾರೆ. ‘ದೊಡ್ಡವರಿಲ್ಲದೆ’ ಅಂದರೆ ‘ನಿಗಾ ಇಲ್ಲದೆ’ ಎಂದಾಗಬಾರದು, ಅಷ್ಟೇ. ಹಿಂದಿನ ಮೂರು ದಿನ ನಕ್ಷೆ, ದಿಕ್ಸೂಚಿ ಕೈಯಲ್ಲಿ ಹಿಡಿಸಿ ಕಲಿಸಿರಬೇಕು. ದಾರಿಯಲ್ಲಿ ಒಂದೆರಡು ಕಡೆ ತರಬೇತುದಾರರು ಕೂತು ಕಾಯುತ್ತಿರಬೇಕು. ಇಂತಿಷ್ಟು ಹೊತ್ತಿಗೆ ಬಾರದಿದ್ದರೆ ಹುಡುಕಿಕೊಂಡು ಹೊರಡುವುದು ಎಂಬ ಸಮಯ ಮೊದಲೇ ಗೊತ್ತಾಗಿರಬೇಕು. ಪ್ರತಿ ತಂಡಕ್ಕೂ ಲಕೋಟೆಯಲ್ಲಿ ಮುಚ್ಚಿದ ಒಂದು ತುರ್ತು ಫೋನ್, ಪ್ರತಿಯೊಬ್ಬರ ಕುತ್ತಿಗೆಯಲ್ಲಿ ಸೀಟಿ. ನಿಮಿಷಕ್ಕೆ ಆರು ಸಲ ಊದಿ, ಒಂದು ನಿಮಿಷ ಬಿಟ್ಟು, ಮತ್ತೆ ಆರು ಸಲ ಊದುವುದು ಪರ್ವತಗಳಲ್ಲಿ ಸಹಾಯ ಕೇಳುವ ಹಳೆಯ ಸಂಕೇತ, ಮಗಳಿಗೆ ಹೇಳಿಕೊಡಿ. ದಾರಿ ತಪ್ಪಿದರೆ ಎಲ್ಲರೂ ಒಟ್ಟಿಗೆ ಕೂತುಬಿಡಬೇಕು, ಒಬ್ಬರನ್ನು ಮುಂದೆ ಕಳಿಸಿ ನೋಡುವ ಸಾಹಸ ಬೇಡ. ನದಿ ದಾಟುವುದಿದ್ದರೆ, ಗುಡುಗು ಕೇಳುತ್ತಿದ್ದರೆ, ಮಂಜು ಕವಿದಿದ್ದರೆ ಈ ಸ್ವತಂತ್ರ ನಡಿಗೆ ರದ್ದಾಗಬೇಕು.

ಅಸ್ತಮಾ ಇದ್ದ ಮಾತ್ರಕ್ಕೆ ಚಾರಣ ನಿಷಿದ್ಧವಲ್ಲ. ವರ್ಷಕ್ಕೆ ಎರಡು ಮೂರು ಸಲ ಎನ್ನುವುದು ಹತೋಟಿಯಲ್ಲಿರುವ ಅಸ್ತಮಾದಂತೆ ಕಾಣುತ್ತದೆ, ಆದರೂ ಆ ಮಾತು ಹೇಳಬೇಕಾದವರು ನಿಮ್ಮ ವೈದ್ಯರು. ಹೊರಡುವುದಕ್ಕೆ ಮೂರು ನಾಲ್ಕು ವಾರ ಮೊದಲೇ ತೋರಿಸಿ. ಉಬ್ಬಸ ಬಂದರೆ ಎಷ್ಟು ಪಫ್, ಎಷ್ಟು ಹೊತ್ತಿಗೆ, ಕಡಿಮೆಯಾಗದಿದ್ದರೆ ಮುಂದೇನು ಎಂಬುದನ್ನು ಒಂದು ಹಾಳೆಯಲ್ಲಿ ಬರೆಸಿಕೊಳ್ಳಿ. ಏರು ಹತ್ತುವ ಮೊದಲು ಇನ್ಹೇಲರ್ ತೆಗೆದುಕೊಳ್ಳಬೇಕೇ ಎಂದೂ ಕೇಳಿ. ಬೆಟ್ಟದಲ್ಲಿ ಕೆರಳಿಸುವುದು ತಂಪು ಗಾಳಿ, ಏದುಸಿರು, ಎಲ್ಲಕ್ಕಿಂತ ಹೆಚ್ಚಾಗಿ ಶಿಬಿರದ ಬೆಂಕಿಯ ಹೊಗೆ. ಬೆಂಕಿಯ ಸುತ್ತ ಕೂತು ಹಾಡುವಾಗ ಅವಳು ಗಾಳಿ ಬರುವ ಕಡೆ ಕೂರಲಿ. ಇನ್ಹೇಲರ್ ಬ್ಯಾಗಿನ ತಳದಲ್ಲಿ ಇರಬಾರದು, ಜಾಕೆಟ್ಟಿನ ಒಳಜೇಬಿನಲ್ಲಿರಲಿ. ಕೈಗೆ ಬೇಗ ಸಿಗುತ್ತದೆ ಎನ್ನುವುದು ಒಂದು ಕಾರಣ, ತೀರಾ ತಣ್ಣಗಾದ ಡಬ್ಬಿ ಸರಿಯಾದ ಪ್ರಮಾಣದ ಔಷಧ ಚಿಮ್ಮಿಸುವುದಿಲ್ಲ ಎನ್ನುವುದು ಇನ್ನೊಂದು. ಎರಡನೇ ಇನ್ಹೇಲರ್ ಅವಳ ತಂಡದ ಜೊತೆ ಇರುವ ತರಬೇತುದಾರರ ಬಳಿ ಇರಲಿ, ನಾಲ್ಕನೇ ದಿನ ಜೊತೆಗಾತಿಯ ಬಳಿ. ಹೊರಡುವ ಹಿಂದಿನ ದಿನ ನೆಗಡಿ ಕೆಮ್ಮು ಇದ್ದರೆ, ಅಥವಾ ಆ ತಿಂಗಳಲ್ಲಿ ರಾತ್ರಿ ಕೆಮ್ಮಿ ಎದ್ದಿದ್ದರೆ, ಹಣ ಕಟ್ಟಿ ಆಗಿದೆ ಎಂದು ಕಳಿಸಬೇಡಿ.

ಮುಟ್ಟಿನ ವಿಷಯ. ಬಹಳಷ್ಟು ಶಾಲೆಗಳ ಮಾಹಿತಿ ಹಾಳೆಯಲ್ಲಿ ಈ ಬಗ್ಗೆ ಒಂದು ಸಾಲೂ ಇರುವುದಿಲ್ಲ, ಇದು ನನಗೆ ಸಿಟ್ಟು ಬರಿಸುವ ಸಂಗತಿ. ತಂಡದಲ್ಲಿ ಮಹಿಳೆಯೊಬ್ಬರು ಇದ್ದಾರೆಯೇ ಎಂಬುದು ನಿಮ್ಮ ಮೊದಲ ಪ್ರಶ್ನೆಯಾಗಲಿ. ಬಳಸಿದ ಪ್ಯಾಡ್ ಮಣ್ಣಿನಲ್ಲಿ ಹೂಳುವಂತಿಲ್ಲ, ಕರಗುವುದಿಲ್ಲ, ಪ್ರಾಣಿಗಳು ಅಗೆದು ತೆಗೆಯುತ್ತವೆ. ಹೊರಗೆ ಕಾಣದ ಗಟ್ಟಿ ಚೀಲದೊಳಗೆ ಇನ್ನೊಂದು ಚೀಲ ಹಾಕಿ, ಅದರಲ್ಲಿಟ್ಟು ವಾಪಸು ತರಬೇಕು. ಮೊದಲೇ ತೋರಿಸಿಕೊಟ್ಟರೆ ಅರ್ಧ ಮುಜುಗರ ಅಲ್ಲೇ ಕಳೆಯುತ್ತದೆ. ಪ್ಯಾಡ್, ನೋವಿನ ಮಾತ್ರೆ, ಒದ್ದೆ ಟಿಶ್ಯೂ, ಸೋಪು, ಒಂದು ಜೊತೆ ಹೆಚ್ಚುವರಿ ಒಳಉಡುಪು ಎಲ್ಲ ಒಂದೇ ಪುಟ್ಟ ಚೀಲದಲ್ಲಿ, ತಡಕಾಡದೆ ಸಿಗುವ ಜಾಗದಲ್ಲಿರಲಿ.

ಇದಕ್ಕೆ ಹೊಂದಿಕೊಂಡ ಇನ್ನೊಂದು ತೊಂದರೆ, ಬಯಲಿಗೆ ಹೋಗಲು ನಾಚಿ ನೀರನ್ನೇ ಕುಡಿಯದಿರುವುದು. ಹುಡುಗಿಯರಲ್ಲಿ ಇದು ಎಷ್ಟು ಸಾಮಾನ್ಯವೆಂದರೆ, ಎರಡನೇ ದಿನ ತಲೆನೋವು ಎಂದವಳಿಗೆ ನಾನು ಮಾತ್ರೆ ಕೊಡುವ ಮೊದಲು ಕೇಳುವುದೇ ಇದನ್ನು. ನೀರು ಕಡಿಮೆಯಾದರೆ ತಲೆನೋವು, ಸುಸ್ತು, ಮಲಬದ್ಧತೆ, ಮೂತ್ರನಾಳದ ಸೋಂಕು ಒಂದರ ಹಿಂದೆ ಒಂದು. ಹಾಗೆಂದು ಗಂಟೆಗೆ ಲೀಟರ್‌ಗಟ್ಟಲೆ ಒತ್ತಾಯದಿಂದ ಕುಡಿಯುವುದೂ ತಪ್ಪು, ರಕ್ತದ ಸೋಡಿಯಂ ಅಪಾಯದ ಮಟ್ಟಕ್ಕೆ ತೆಳುವಾಗಬಹುದು. ಬಾಯಾರಿದಾಗ ಕುಡಿಯಲಿ, ಮೂತ್ರ ತಿಳಿಹಳದಿ ಇದ್ದರೆ ಸಾಕು. ಶೌಚಕ್ಕೆ ತೋಡುವ ಗುಂಡಿಯು ನೀರಿನ ಜಾಗದಿಂದ 60 ಮೀಟರ್‌ಗಿಂತ ದೂರವಿರಬೇಕು, 15ರಿಂದ 20 ಸೆಂಟಿಮೀಟರ್ ಆಳ. ಆಮೇಲೆ ಸೋಪು ಹಾಕಿ ಕೈತೊಳೆಯಲೇಬೇಕು. ಸ್ಯಾನಿಟೈಸರ್ ನಂಬಿಕೊಂಡ ಶಿಬಿರದಲ್ಲಿ ನೊರೋವೈರಸ್ ನುಗ್ಗಿ ಒಂದೇ ರಾತ್ರಿಯಲ್ಲಿ ಒಂಬತ್ತು ಮಕ್ಕಳು ವಾಂತಿ ಮಾಡಿದ್ದನ್ನು ಕಂಡಿದ್ದೇನೆ. ಆಲ್ಕೋಹಾಲಿಗೆ ಅದು ಸುಲಭಕ್ಕೆ ಸಾಯುವುದಿಲ್ಲ.

ಅಡುಗೆ ಮಕ್ಕಳದೇ ಎಂದಿದ್ದೀರಿ. ಶಿಬಿರದಲ್ಲಿ ನಾನು ಹೆಚ್ಚು ಹೆದರುವ ಜಾಗ ಅದು. ಕುದಿಯುವ ಪಾತ್ರೆ, ಅಲುಗಾಡುವ ಸ್ಟೌವ್, ಸುತ್ತ ದಣಿದ ಮಕ್ಕಳು. ಒಲೆಯ ಬಳಿ ಚಕ್ಕಳಮಕ್ಕಳ ಹಾಕಿ ಕೂತ ಮಗುವಿನ ತೊಡೆಯ ಮೇಲೆ ಬಿಸಿನೀರು ಚೆಲ್ಲಿದರೆ ಏಳುವಷ್ಟರಲ್ಲಿ ಬೆಂದಿರುತ್ತದೆ. ಕುಕ್ಕರಗಾಲಲ್ಲಿ ಕೂತರೆ ಹಾರಿ ಹಿಂದೆ ಸರಿಯಬಹುದು. ಕಾಲಲ್ಲಿ ಚಪ್ಪಲಿ ಬೇಡ, ಮುಚ್ಚಿದ ಶೂ ಇರಲಿ. ಸುಟ್ಟರೆ 20 ನಿಮಿಷ ತಣ್ಣೀರು, ಬೇರೇನೂ ಹಚ್ಚಬಾರದು. ಮಳೆ ಬಂತೆಂದು ಸ್ಟೌವ್ ಟೆಂಟಿನೊಳಗೆ ಒಯ್ಯುವುದಂತೂ ಕೂಡದು. ಬೆಂಕಿ ಒಂದು ಅಪಾಯ, ವಾಸನೆಯಿಲ್ಲದ ಕಾರ್ಬನ್ ಮೊನಾಕ್ಸೈಡ್ ಇನ್ನೊಂದು.

ಫೋನ್ ಬೇಡ ಎಂಬ ನಿಯಮ ನನಗೆ ಒಪ್ಪಿಗೆ. ಮನೆ ನೆನಪಾಗಿ ಅಳು ಬರುವುದು ಸಾಮಾನ್ಯವಾಗಿ ಮೊದಲ ಎರಡು ರಾತ್ರಿ. ಆಗ ಅಮ್ಮನ ದನಿ ಕೇಳಿದರೆ ಅಳು ಇಮ್ಮಡಿಯಾಗುತ್ತದೆ, ನೀವೂ ನಿದ್ದೆಗೆಡುತ್ತೀರಿ. ಗುಟ್ಟಾಗಿ ಬ್ಯಾಗಿನಲ್ಲಿ ಇಟ್ಟು ಕಳಿಸುವ ತಂದೆತಾಯಿ ಇದ್ದಾರೆ. ಅದರಿಂದಾಗುವ ಕೆಡುಕು ಏನೆಂದರೆ, ಮಗು ತೊಂದರೆಯನ್ನು ಹತ್ತು ಅಡಿ ದೂರದಲ್ಲಿರುವ ತರಬೇತುದಾರರಿಗೆ ಹೇಳದೆ ನೂರಾರು ಮೈಲಿ ಆಚೆಯ ನಿಮಗೆ ಹೇಳುತ್ತದೆ. ನಿಮ್ಮ ಮಗಳಂಥವಳಿಗೆ ಇದು ಇನ್ನೂ ಕೆಟ್ಟದ್ದು. ಶಾಲೆಯಿಂದ ದಿನಕ್ಕೊಂದು ಸಂದೇಶ ಬರಲಿ ಎಂದು ಕೇಳಿಕೊಳ್ಳಿ. ಸಂದೇಶ ತಡವಾದರೆ ಗಾಬರಿ ಬೇಡ, ಬೆಟ್ಟದಲ್ಲಿ ಸಿಗ್ನಲ್ ಇರುವುದಿಲ್ಲ.

ಹಾಗಾದರೆ ಏನು ಮಾಡಬಹುದು? ಕಳಿಸುವುದೇ ಬೇಡ ಎಂದರೆ ಈ ಐದು ದಿನದ ಅಪಾಯ ಸೊನ್ನೆ. ಆದರೆ ಹೋಗಲೇಬೇಕೆಂದು ತಾನಾಗಿ ಬಾಯಿಬಿಟ್ಟು ಕೇಳಿದ್ದನ್ನೇ ನೀವು ಕಿತ್ತುಕೊಂಡಂತೆ. ಸಂಕೋಚದ ಮಗು ಮುಂದಿನ ಸಲ ಕೇಳುವುದಿಲ್ಲ. ಇನ್ನೊಂದು, ನಿಮ್ಮವರು ಹೇಳಿದಂತೆ ಇದ್ದ ಹಾಗೇ ಕಳಿಸಿಬಿಡುವುದು. ‘ಗಟ್ಟಿಯಾಗಿ ಬರ್ತಾಳೆ’ ಎಂಬ ಮಾತಿಗೆ ನನ್ನದೊಂದು ಆಕ್ಷೇಪವಿದೆ. ಅದನ್ನು ಕೇಳಿಸಿಕೊಂಡು ಹೊರಟ ಮಗು ನೋವನ್ನು ಹೇಳುವುದು ಸೋಲು ಎಂದುಕೊಳ್ಳುತ್ತದೆ. ಅವಳ ಮುಂದೆ ಆ ಮಾತು ಬೇಡ. ಮೂರನೆಯದು, ಈ ವರ್ಷ ಬಿಟ್ಟು ಮೊದಲು ಒಂದು ರಾತ್ರಿಯ ಶಿಬಿರಕ್ಕೆ ಕಳಿಸಿ, ಮುಂದಿನ ವರ್ಷ ಇದಕ್ಕೆ ಹೋಗಲಿ ಎನ್ನುವುದು. ಅವಳ ಅಸ್ತಮಾ ಈಚೆಗೆ ಹೆಚ್ಚಾಗಿದ್ದರೆ, ಅಥವಾ ಶಾಲೆಯ ಉತ್ತರಗಳು ತೇಲಿಕೆಯಾಗಿದ್ದರೆ, ನಾನು ಇದನ್ನೇ ಆರಿಸುತ್ತೇನೆ. ಗೆಳತಿಯರೆಲ್ಲ ಹೋಗುವಾಗ ತಾನು ಉಳಿದ ಬೇಸರ ಅವಳಿಗೆ ಇದ್ದೇ ಇರುತ್ತದೆ.

ನೀವು ಬರೆದಷ್ಟರ ಮೇಲೆ ನನ್ನ ಒಲವು ಕಳಿಸುವ ಕಡೆಗೇ, ನಾಲ್ಕು ಷರತ್ತಿನ ಮೇಲೆ: ವೈದ್ಯರ ಒಪ್ಪಿಗೆ, ಒಂಬತ್ತು ಕಿಲೋ ಬ್ಯಾಗ್, ತಂಡದಲ್ಲಿ ಒಬ್ಬ ಮಹಿಳೆ, ಮಳೆಯ ದಿನದ ಪ್ರಶ್ನೆಗೆ ನೇರ ಉತ್ತರ. ಅವಳ ಸ್ವಭಾವದ ಬಗ್ಗೆ ತರಬೇತುದಾರರಿಗೆ ಖುದ್ದಾಗಿ ಹೇಳಿ, ‘ಅವಳು ಕೇಳುವುದಿಲ್ಲ, ನೀವೇ ಕೇಳಬೇಕು’ ಎಂದು. ನಮ್ಮಂಥವರಿಗೆ ಹತ್ತು ಪುಟದ ವೈದ್ಯಕೀಯ ಅರ್ಜಿಗಿಂತ ಆ ಒಂದು ವಾಕ್ಯ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಇನ್ನೊಂದು ಕೆಲಸ ನಿಮ್ಮಿಬ್ಬರದು. ಚಾರಣಕ್ಕೆ ಮುಂಚಿನ ಮೂರು ಭಾನುವಾರ, ಅದೇ ಶೂ, ಅದೇ ಬ್ಯಾಗ್ ಹಾಕಿಕೊಂಡು ಎರಡು ಮೂರು ಗಂಟೆ ನಡೆಯಿರಿ. ಹೊಸ ಶೂ ಪಳಗುತ್ತದೆ, ಪಟ್ಟಿ ಎಲ್ಲಿ ಕೊರೆಯುತ್ತದೆ ಗೊತ್ತಾಗುತ್ತದೆ. ಎರಡನೇ ಭಾನುವಾರ ಅವಳಿಗೆ ಒಂದು ಆಟ ಹೇಳಿ: ಶೂ ಒಳಗೆ ಬೇಕೆಂದೇ ಒಂದು ಸಣ್ಣ ಕಲ್ಲು ಹಾಕಿಕೊಂಡು ಹೊರಡಬೇಕು, ಕಾಲಿಗೆ ಚುಚ್ಚಿದ ಕೂಡಲೇ ‘ನಿಲ್ಲಿ, ನನ್ನ ಕಾಲು ನೋಯುತ್ತಿದೆ’ ಎಂದು ಗಟ್ಟಿಯಾಗಿ ಹೇಳಬೇಕು. ನೀವು ನಾಲ್ಕು ಹೆಜ್ಜೆ ಮುಂದೆ, ಬೇಕೆಂದೇ ಸ್ವಲ್ಪ ಜೋರಾಗಿ ನಡೆಯುತ್ತಿರಿ. ಅವಳು ಹೇಳಿದಾಗ ನಿಂತು, ಕೂತು, ಕಲ್ಲು ತೆಗೆಯುವವರೆಗೆ ಕಾಯಿರಿ. ಮೊದಲ ಸಲ ಅವಳು ಎಷ್ಟು ದೂರ ಸುಮ್ಮನೆ ನಡೆದಳು ಎಂದು ನೋಡಿಟ್ಟುಕೊಳ್ಳಿ. ಮೂರನೇ ಭಾನುವಾರ ಮತ್ತೆ ಆಡಿಸಿ.